ಮಾತ್ರೆ ಕೊಟ್ಟಿರಿ, ಹೊಟ್ಟೆ ಹುಳದ ಪರೀಕ್ಷೆಯನ್ನೂ ಸರಿಯಾಗಿ ಮಾಡಿಸಿ: ಯಾದಗಿರಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ನಮಸ್ಕಾರ. ನಾನು ಶಹಾಪುರ ಕಡೆಯ ಲ್ಯಾಬ್ ಟೆಕ್ನಿಷಿಯನ್. ಮೊದಲು ಗುತ್ತಿಗೆ ಮೇಲೆ ಸರ್ಕಾರಿ ಕೆಲಸ ಮಾಡಿದ್ದೆ, ಈಗ ಒಂದು ಸಣ್ಣ ಖಾಸಗಿ ಲ್ಯಾಬ್‌ನಲ್ಲಿದ್ದೇನೆ. ರಕ್ತ, ಮೂತ್ರ, ಕಫ, ಮಲ, ಬಂದದ್ದೆಲ್ಲ ನೋಡುವುದು ನನ್ನ ಕೆಲಸ. ಈ ಪತ್ರ ಮಲ ಪರೀಕ್ಷೆ ಬಗ್ಗೆ. ಓದುವುದಕ್ಕೆ ಕೆಲವರಿಗೆ ಮುಜುಗರ ಆಗಬಹುದು. ಆದರೂ ಪೂರ್ತಿ ಓದಿ, ಯಾಕೆಂದರೆ ನಮ್ಮ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳ ಮೈಯಲ್ಲಿ ರಕ್ತ ಯಾಕೆ ಕಡಿಮೆಯೇ ಉಳಿಯುತ್ತಿದೆ ಅನ್ನುವ ಪ್ರಶ್ನೆಗೆ ಉತ್ತರ ಕೆಲವು ಸಲ ಈ ಪರೀಕ್ಷೆಯಲ್ಲೇ ಇರುತ್ತದೆ, ಮತ್ತು ಆ ಪರೀಕ್ಷೆಯನ್ನೇ ನಾವು ಸುಮ್ನೆ ಹೆಸರಿಗೆ ಮಾಡಿ ಮುಗಿಸುತ್ತಿದ್ದೇವೆ.

ಮೊದಲು ನಡೆಯುತ್ತಿರುವ ಒಳ್ಳೆಯ ಕೆಲಸದ ಮಾತು. ಫೆಬ್ರವರಿ 10 ಬಂತೆಂದರೆ ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡಿಸುತ್ತೀರಿ. 2015ರಲ್ಲಿ ದೇಶದಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. 1ರಿಂದ 19 ವರ್ಷದ ಎಲ್ಲ ಮಕ್ಕಳಿಗೂ 400 ಮಿಲಿಗ್ರಾಂ, ಎರಡು ವರ್ಷದೊಳಗಿನ ಕೂಸುಗಳಿಗೆ ಅದರ ಅರ್ಧ. ಆ ದಿನ ತಪ್ಪಿಸಿಕೊಂಡ ಮಕ್ಕಳನ್ನು ಆಶಾ ಅಕ್ಕಂದಿರು ಮನೆಮನೆಗೆ ಹೋಗಿ ಹುಡುಕಿ ನುಂಗಿಸುತ್ತಾರೆ. ಪರೀಕ್ಷೆ ಮಾಡದೆ ಎಲ್ಲ ಮಕ್ಕಳಿಗೂ ಮಾತ್ರೆ ಕೊಡೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮಾತ್ರೆ ಅಗ್ಗ, ತೊಂದರೆ ಕಡಿಮೆ. ಪ್ರತಿ ಮಗುವಿನ ಮಲ ನೋಡುತ್ತಾ ಕೂತರೆ ವರ್ಷಗಳೇ ಬೇಕು. ಆದರೆ ಇದರ ಜೊತೆಗೆ ಒಂದು ಕೆಟ್ಟ ಅಭ್ಯಾಸವೂ ಬೆಳೆದಿದೆ. ಹೇಗೂ ಮಾತ್ರೆ ಕೊಟ್ಟಿದ್ದೇವಲ್ಲ, ಇನ್ನು ಪರೀಕ್ಷೆ ಯಾಕೆ ಅನ್ನುವುದು. ನಾನು ಕಂಡ ಲ್ಯಾಬ್‌ಗಳಲ್ಲಿ ಮಲ ಪರೀಕ್ಷೆಯ ರಿಜಿಸ್ಟರ್ ಎಲ್ಲಕ್ಕಿಂತ ತೆಳ್ಳಗಿರುತ್ತದೆ.

ಸರಿ, 20 ದಾಟಿದವರು ಈ ಲೆಕ್ಕದಲ್ಲಿ ಎಲ್ಲಿ ಬರುತ್ತಾರೆ? ಗರ್ಭಿಣಿಯರಿಗೆ ಮೂರು ತಿಂಗಳು ಕಳೆದ ಮೇಲೆ ಒಂದು ಮಾತ್ರೆ ಸಿಗುತ್ತದೆ. ಉಳಿದ ಹೆಚ್ಚಿನವರಿಗೆ ಅಂತ ಒಂದು ದಿನವೂ ಇಲ್ಲ. ಹೊಟ್ಟೆ ಹುಳದಲ್ಲಿ ಹಲವು ಥರ. ದುಂಡು ಹುಳ, ಚಾಟಿ ಹುಳ ಜಾಸ್ತಿ ಕಾಣುವುದು ಶಾಲೆಗೆ ಹೋಗುವ ಮಕ್ಕಳಲ್ಲಿ, ನಿಜ. ಆದರೆ ಕೊಕ್ಕೆ ಹುಳ ಹಾಗಲ್ಲ. ಅದು ದೊಡ್ಡವರಲ್ಲೂ ಅಷ್ಟೇ, ಎಷ್ಟೋ ಕಡೆ ಮಕ್ಕಳಿಗಿಂತ ಜಾಸ್ತಿಯೇ ಇರುತ್ತದೆ. ಅದು ಬಾಯಿಂದಲೇ ಬರಬೇಕು ಅಂತಿಲ್ಲ, ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಬಯಲಲ್ಲಿ ಬಿದ್ದ ಮಲದಿಂದ ಮೊಟ್ಟೆ ಒಡೆದು, ಹಸಿ ಮಣ್ಣು, ನೆರಳು, ಬಿಸಿ ಸಿಕ್ಕರೆ ಐದು ದಿನದಿಂದ ಹತ್ತು ದಿನದೊಳಗೆ ಮರಿ ಹುಳ ಕಾಲಿಗೆ ಹತ್ತಲು ತಯಾರಾಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರ, ಹುಣಸಗಿ ಕಡೆ ನೀರಾವರಿ ಆಯಿತು, ಭತ್ತ ಬಂತು, ಕೈಗೆ ಕೂಲಿ ಬಂತು. ಆದರೆ ಕಾಲುವೆ ದಂಡೆ, ಗದ್ದೆ ಬದು, ಜಾಲಿ ಗಿಡದ ಮರೆ ಇವೇ ಇನ್ನೂ ಎಷ್ಟೋ ಜನರ ಸಂಡಾಸ್. ಅದೇ ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದು, ಬಾಗಿ ಭತ್ತ ನಾಟಿ ಮಾಡುವವರು ಹೆಣ್ಣುಮಕ್ಕಳು. ಬೆರಳ ಸಂದಿಯಲ್ಲಿ ತುರಿಕೆ ಎದ್ದರೆ ಕೆಸರಿನದು ಅಂತ ಸುಮ್ಮನಾಗುತ್ತಾರೆ. ಹೆಚ್ಚಿನ ಸಲ ಅದು ಕೆಸರಿನ ತುರಿಕೆಯೇ, ಆದರೆ ಹುಳ ಒಳಗೆ ಹೊಕ್ಕ ಜಾಗದಲ್ಲೂ ಹೀಗೇ ತುರಿಸುತ್ತದೆ.

ಒಳಗೆ ಹೋದ ಹುಳ ರಕ್ತದಲ್ಲಿ ಹರಿದು ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ನುಂಗಿದಾಗ ಕರುಳಿಗೆ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಹುಳ ಸಣ್ಣ ಕರುಳಿನ ಗೋಡೆ ಕಚ್ಚಿ ಕೂರುತ್ತದೆ. ವರ್ಷ, ಎರಡು ವರ್ಷ, ಕೆಲವು ಅದಕ್ಕಿಂತ ಜಾಸ್ತಿ ಕಾಲ. ಕೊಕ್ಕೆ ಹುಳದಲ್ಲಿ ಮನುಷ್ಯರಿಗೆ ಮುಖ್ಯವಾಗಿ ಬರುವ ಜಾತಿ ಎರಡು. ನೆಕೇಟರ್ ಅನ್ನುವುದು ದಿನಕ್ಕೆ ಸುಮಾರು 0.03 ಮಿಲಿ ರಕ್ತ ಕಳೆಯುತ್ತದೆ. ಆನ್ಸೈಲೊಸ್ಟೋಮ ಅದರ ಐದು ಪಟ್ಟು, ಸುಮಾರು 0.15 ಮಿಲಿ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ನೂರು ನೆಕೇಟರ್ ಇದ್ದರೆ ದಿನಕ್ಕೆ 3 ಮಿಲಿ, ತಿಂಗಳಿಗೆ 90 ಮಿಲಿ. ಆನ್ಸೈಲೊಸ್ಟೋಮ ನೂರಿದ್ದರೆ ದಿನಕ್ಕೇ 15 ಮಿಲಿ. ಒಳ್ಳೆಯ ರಕ್ತದ ಒಂದು ಮಿಲಿಯಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ತಿಂಗಳ ಮುಟ್ಟು, ಹೆರಿಗೆ, ಬಾಣಂತನ, ಊಟದಲ್ಲಿ ಮೊದಲೇ ಕೊರತೆ, ಅದರ ಮೇಲೆ ದಿನಾ ಒಳಗಿಂದ ಈ ಸೋರಿಕೆ. ನಾವು ಮೇಲಿಂದ ಕಬ್ಬಿಣದ ಗುಳಿಗೆ ಹಾಕುತ್ತಾ ಹೋಗುತ್ತೇವೆ, ತಳದಲ್ಲಿ ತೂತಿರುವ ಕೊಡಕ್ಕೆ ನೀರು ಹಾಕಿದ ಹಾಗೆ.

ನಾನು ಈ ಪತ್ರ ಬರೆಯಲು ಕಾರಣವಾದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಕಾಲುವೆ ಕೆಳಗಿನ ಹಳ್ಳಿಯವರು, ಕೂಲಿ ಕೆಲಸ. ಹೆರಿಗೆ ಆಗಿ ವರ್ಷಗಳೇ ಕಳೆದಿತ್ತು, ಮುಟ್ಟಿನ ತೊಂದರೆಯೂ ಇರಲಿಲ್ಲ, ಆದರೂ ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ತೀರಾ ಕಡಿಮೆ, 6ರ ಆಸುಪಾಸು. ಒಂದು ಸಲ ರಕ್ತ ಏರಿಸಿದ್ದರು, ಸ್ವಲ್ಪ ದಿನ ಚೆನ್ನಾಗಿದ್ದು ಮತ್ತೆ ಇಳಿದಿತ್ತು. "ಗುಳಿಗಿ ನುಂಗಿ ನುಂಗಿ ಸಾಕಾಗ್ಯಾದ್ರಿ ಅಕ್ಕೋರ, ನಾಕ್ ಹೆಜ್ಜಿ ನಡದ್ರ ತೇಕು ಬರ್ತದ" ಅಂದರು. ಕೈಯಲ್ಲಿ ಹಳೆಯ ವರದಿಗಳ ಕಟ್ಟು ಇತ್ತು. ಅದರಲ್ಲಿ ಮಲ ಪರೀಕ್ಷೆಯದೂ ಒಂದು. ಹುಳದ ಮೊಟ್ಟೆ, ಸಿಸ್ಟ್ (ಅಮೀಬಾದಂಥ ರೋಗಾಣುವಿನ ಕೋಶ) ಕಂಡುಬಂದಿಲ್ಲ ಅಂತ ಬರೆದಿತ್ತು. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಹೇಗೆ ಕೊಟ್ಟಿರಿ ಅಂತ ಕೇಳಿದೆ. ಬೆಳಗ್ಗೆ ಊರಲ್ಲಿ ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡು, ಬಸ್ ಹಿಡಿದು, ಚೀಟಿ ಮಾಡಿಸಿ, ಸಾಲಲ್ಲಿ ನಿಂತು ಕೊಡುವಾಗ ಮಧ್ಯಾಹ್ನ ಆಗಿತ್ತಂತೆ. ಬೇಸಿಗೆ ಬೇರೆ. ಒಂದೇ ಸಲ ಕೊಟ್ಟದ್ದು, ಒಂದೇ ಸ್ಲೈಡು (ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡುವ ಗಾಜಿನ ಪಟ್ಟಿ). ಆ ಒಂದು ಕಾಗದ ನೋಡಿಕೊಂಡು ಮುಂದಿನ ವೈದ್ಯರೆಲ್ಲ ಹುಳದ ಮಾತನ್ನೇ ಬಿಟ್ಟಿದ್ದರು.

ನಾನು ರಕ್ತದ ಸ್ಲೈಡ್ ನೋಡಿದಾಗ ಕೆಂಪು ಕಣ ಸಣ್ಣದಾಗಿ, ಬಿಳಿಚಿಕೊಂಡಿದ್ದವು. ಜೊತೆಗೆ ಇಯೊಸಿನೊಫಿಲ್ ಅನ್ನುವ ಬಿಳಿ ಕಣ ಜಾಸ್ತಿ. ಹುಳ ಇದ್ದಾಗ ಅದು ಏರುತ್ತದೆ, ಆದರೆ ಅಲರ್ಜಿಯಲ್ಲೂ ಏರುತ್ತದೆ, ಅಷ್ಟರಿಂದಲೇ ಹುಳ ಅಂತ ಹೇಳಲು ಬರುವುದಿಲ್ಲ. ಮೂರು ದಿನ ಬೇರೆ ಬೇರೆ ಸ್ಯಾಂಪಲ್ ತರಲು ಡಬ್ಬಿ ಕೊಟ್ಟು ಕಳಿಸಿದೆ. ಮೊದಲ ದಿನದ ಮಾಮೂಲಿ ಸ್ಲೈಡಿನಲ್ಲಿ ನನಗೂ ಏನೂ ಕಾಣಲಿಲ್ಲ. ಅದೇ ಸ್ಯಾಂಪಲನ್ನು ಉಪ್ಪುನೀರಿನಲ್ಲಿ ತೇಲಿಸಿ ನೋಡಿದೆ. ಕೊಕ್ಕೆ ಹುಳದ ಮೊಟ್ಟೆಗಳಿದ್ದವು. ವೈದ್ಯರು ಔಷಧಿ ಕೊಟ್ಟರು, ಜೊತೆಗೆ ಕಬ್ಬಿಣ ಮುಂದುವರಿಸಿದರು, ಆಮೇಲೆ ಎಚ್‌ಬಿ ಏರಿತು, ಏರಿದ್ದು ನಿಂತಿತು. ಉಪ್ಪಿಗೆ ಎಷ್ಟು ಖರ್ಚಾಯಿತು ಅಂತ ನೀವೇ ಅಂದಾಜು ಮಾಡಿ.

ಮೊದಲ ಸ್ಲೈಡಿನಲ್ಲಿ ಯಾಕೆ ಕಾಣಲಿಲ್ಲ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಪತ್ರದ ಹೂರಣ ಇದೇ. ಮಾಮೂಲಿ ಪರೀಕ್ಷೆಯಲ್ಲಿ ಸ್ಲೈಡಿನ ಮೇಲೆ ಒಂದು ಹನಿ ಸಲೈನ್, ಪಕ್ಕದಲ್ಲಿ ಒಂದು ಹನಿ ಅಯೋಡಿನ್ ಹಾಕಿ, ಕಡ್ಡಿಯ ತುದಿಯಲ್ಲಿ ಒಂಚೂರು ಮಲ ತೆಗೆದು ಕದಡಿ, ಕವರ್ ಸ್ಲಿಪ್ ಅನ್ನುವ ತೆಳು ಗಾಜು ಮುಚ್ಚಿ ನೋಡುತ್ತೇವೆ. ಒಂದು ಕವರ್ ಸ್ಲಿಪ್ ಕೆಳಗೆ ಬರುವ ಮಲ ಸುಮಾರು 2 ಮಿಲಿಗ್ರಾಂ. ಒಬ್ಬರ ಒಂದು ಗ್ರಾಂ ಮಲದಲ್ಲಿ ಕೊಕ್ಕೆ ಹುಳದ 200 ಮೊಟ್ಟೆ ಇದೆ ಅಂದುಕೊಳ್ಳಿ. 2 ಮಿಲಿಗ್ರಾಂನಲ್ಲಿ ಎಷ್ಟು ಬರಬೇಕು? ಅರ್ಧ ಮೊಟ್ಟೆಗೂ ಕಡಿಮೆ! ಮೊಟ್ಟೆಗಳು ಎಲ್ಲ ಕಡೆ ಸಮನಾಗಿ ಹರಡಿವೆ ಅಂತ ಇಟ್ಟುಕೊಂಡರೂ, ಅಂಥವರ ಸ್ಲೈಡನ್ನು ಮೂರು ಸಲ ಮಾಡಿದರೆ ಎರಡು ಸಲ ಒಂದೂ ಮೊಟ್ಟೆ ಕಾಣುವುದಿಲ್ಲ, ಎಷ್ಟೇ ಚೆನ್ನಾಗಿ ನೋಡುವ ಕಣ್ಣಿದ್ದರೂ. ನಿಜದಲ್ಲಿ ಮೊಟ್ಟೆಗಳು ಸಮನಾಗಿ ಹರಡಿರುವುದಿಲ್ಲ, ಇವತ್ತು ಇದ್ದಷ್ಟು ನಾಳೆ ಇರುವುದಿಲ್ಲ. ದುಂಡು ಹುಳದಲ್ಲಿ ಈ ಕಷ್ಟ ಕಡಿಮೆ. ಅದರ ಒಂದು ಹೆಣ್ಣು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ, ಹಾಗಾಗಿ ಒಂದು ಹುಳ ಇದ್ದರೂ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ. ಕೊಕ್ಕೆ ಹುಳ ಇಡುವುದು ಸಾವಿರಗಳ ಲೆಕ್ಕದಲ್ಲಿ. ಅದು ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಒಂದು ಸ್ಯಾಂಪಲ್ ಸಾಲದು, ಬೇರೆ ಬೇರೆ ದಿನದ ಮೂರಾದರೂ ಬೇಕು ಅನ್ನುವುದು. ಮೂರು ತರಿಸಲು ಆಗದಿದ್ದರೆ ಒಂದೇ ಸ್ಯಾಂಪಲ್ಲಿನಲ್ಲಿ ಜಾಸ್ತಿ ಮಲ ತೆಗೆದುಕೊಂಡು ಮೊಟ್ಟೆಯನ್ನು ಒಟ್ಟುಗೂಡಿಸುವ ವಿಧಾನವಾದರೂ ಬೇಕು.

ಉಪ್ಪುನೀರಿನ ವಿಧಾನ ಹೀಗೆ. ನೀರಿಗೆ ಇನ್ನು ಕರಗುವುದಿಲ್ಲ ಅನ್ನುವವರೆಗೆ ಉಪ್ಪು ಹಾಕಬೇಕು. ಚಿಕ್ಕ ಪೆನ್ಸಿಲಿನ್ ಬಾಟಲಿಯಂಥದರಲ್ಲಿ ಒಂದು ಗ್ರಾಂನಷ್ಟು ಮಲ ಕದಡಿ, ಬಾಯಿ ತನಕ ತುಂಬಿಸಿ, ಮೇಲೆ ಸ್ಲೈಡ್ ನೀರಿಗೆ ತಾಗುವಂತೆ ಇಡಬೇಕು. 20ರಿಂದ 30 ನಿಮಿಷದಲ್ಲಿ ಹಗುರ ಮೊಟ್ಟೆಗಳು ತೇಲಿ ಸ್ಲೈಡಿಗೆ ಅಂಟುತ್ತವೆ. ಸ್ಲೈಡನ್ನು ಮೆಲ್ಲಗೆ ಎತ್ತಿ, ತಿರುವಿ, ಕವರ್ ಸ್ಲಿಪ್ ಹಾಕಿ ಕೂಡಲೇ ನೋಡಬೇಕು. ಕೊಕ್ಕೆ ಹುಳದ ಮೊಟ್ಟೆಗೆ ಇದು ಬಹಳ ಒಳ್ಳೆಯದು. ಕರೆಂಟ್ ಬೇಡ, ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸುವ ಯಂತ್ರ) ಬೇಡ. ಆದರೆ ಎಲ್ಲಕ್ಕೂ ಇದೇ ಸಾಕು ಅಂದುಕೊಳ್ಳಬಾರದು. ಲಾಡಿ ಹುಳದ ಮೊಟ್ಟೆ, ಗಂಡು ಹುಳದ ಜೊತೆ ಕೂಡದ ದುಂಡು ಹುಳದ ಮೊಟ್ಟೆ ಭಾರ, ಅವು ತೇಲುವುದಿಲ್ಲ. ಅದಕ್ಕೆ ಫಾರ್ಮಾಲಿನ್ ಮತ್ತು ಈಥರ್ ಹಾಕಿ ತಿರುಗಿಸುವ ವಿಧಾನ ಬೇಕು. ಅಲ್ಲಿ ಕೊಬ್ಬು, ಕಸ ಎಲ್ಲ ಮೇಲೆ ನಿಂತು ಮೊಟ್ಟೆ ತಳಕ್ಕೆ ಕೂರುತ್ತದೆ. ಈಥರ್‌ಗೆ ಬೆಂಕಿ ಬೇಗ ಹತ್ತುತ್ತದೆ, ಅದರ ಬದಲು ಈಥೈಲ್ ಅಸಿಟೇಟ್ ಬಳಸಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಸೆಂಟ್ರಿಫ್ಯೂಜ್ ಇದ್ದೇ ಇರುತ್ತದೆ, ಮೂತ್ರಕ್ಕೆ ಬಳಸುವುದೇ ಸಾಕು.

ಎಷ್ಟು ಹುಳ ಇದೆ ಅಂತ ಅಂದಾಜು ಬೇಕಾದಾಗ ಕ್ಯಾಟೊ-ಕಾಟ್ಜ್ ವಿಧಾನ. ತೂತಿರುವ ಅಚ್ಚಿನಿಂದ ಸರಿಯಾಗಿ 41.7 ಮಿಲಿಗ್ರಾಂ ಮಲ ಸ್ಲೈಡಿಗೆ ಬೀಳುತ್ತದೆ. ಅದರ ಮೇಲೆ ಗ್ಲಿಸರಿನ್‌ನಲ್ಲಿ ನೆನೆಸಿದ ಸೆಲೋಫೇನ್ ಹಾಕಿ ಒತ್ತಿ, ಎಣಿಸಿದ ಮೊಟ್ಟೆಯನ್ನು 24ರಿಂದ ಗುಣಿಸಿದರೆ ಗ್ರಾಂಗೆ ಎಷ್ಟು ಅಂತ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಕೊಕ್ಕೆ ಹುಳಕ್ಕೆ ಗ್ರಾಂಗೆ 2,000 ಮೊಟ್ಟೆಯೊಳಗೆ ಇದ್ದರೆ ಹಗುರ ಸೋಂಕು, 4,000 ಮುಟ್ಟಿದರೆ ಭಾರಿ. ಇದರಲ್ಲೂ ಒಂದು ಎಚ್ಚರ ಬೇಕು. ಗ್ಲಿಸರಿನ್ ಕೊಕ್ಕೆ ಹುಳದ ತೆಳು ಮೊಟ್ಟೆಯನ್ನು ಬೇಗ ಮಾಯ ಮಾಡಿಬಿಡುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನೋಡದಿದ್ದರೆ ಇದ್ದ ಹುಳವೂ ಇಲ್ಲ ಅಂತ ವರದಿ ಬರುತ್ತದೆ. ಬೆಳಗ್ಗೆ ಸ್ಲೈಡ್ ಮಾಡಿಟ್ಟು ಊಟ ಆದ ಮೇಲೆ ನೋಡುವ ಕೆಲಸ ಇದಲ್ಲ.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ಯಾದಗಿರಿಯಲ್ಲಿ 40 ಡಿಗ್ರಿ ದಾಟುತ್ತದೆ. ಅಷ್ಟು ಬಿಸಿಯಲ್ಲಿ ಡಬ್ಬಿಯೊಳಗೆ ಮೊಟ್ಟೆ ಸುಮ್ಮನೆ ಕೂರುವುದಿಲ್ಲ. ಕೊಕ್ಕೆ ಹುಳದ ಮೊಟ್ಟೆ ಬೆಳೆಯುತ್ತಾ ಹೋಗಿ, ಒಂದೆರಡು ದಿನದಲ್ಲಿ ಒಡೆದು ಮರಿ ಹೊರಗೆ ಬರುತ್ತದೆ. ಶನಿವಾರದ ಸ್ಯಾಂಪಲ್ಲನ್ನು ಸೋಮವಾರ ನೋಡಿದರೆ ಮೊಟ್ಟೆ ಬದಲು ಮರಿ ಕಾಣುತ್ತದೆ. ಇದರಿಂದ ಇನ್ನೊಂದು ಗೊಂದಲ. ಸ್ಟ್ರಾಂಜಿಲಾಯ್ಡಿಸ್ ಅನ್ನುವ ಹುಳ ಮಲದಲ್ಲಿ ಮೊಟ್ಟೆ ಬದಲು ಮರಿಯನ್ನೇ ಬಿಡುತ್ತದೆ. ಎರಡೂ ಮರಿ ನೋಡಲು ಒಂದೇ ಥರ. ಕೊಕ್ಕೆ ಹುಳದ ಮರಿಗೆ ಬಾಯಿಯ ಕೊಳವೆ ಉದ್ದ, ಸ್ಟ್ರಾಂಜಿಲಾಯ್ಡಿಸ್‌ಗೆ ಗಿಡ್ಡ. ಇದನ್ನು ಗುರುತಿಸಲು ತಾಜಾ ಸ್ಯಾಂಪಲ್ ಇರಬೇಕು, ಅಥವಾ ಗುರುತಿಸಬಲ್ಲ ಕಣ್ಣಿರಬೇಕು. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಸ್ಟ್ರಾಂಜಿಲಾಯ್ಡಿಸ್ ಇರುವವರಿಗೆ ದಮ್ಮಿಗೋ ಕೀಲು ನೋವಿಗೋ ಸ್ಟೀರಾಯ್ಡ್ ಜೋರಾಗಿ ಕೊಟ್ಟರೆ ಹುಳ ಮೈಯೆಲ್ಲ ಹರಡಿ ಜೀವವೇ ಹೋಗಬಹುದು. ಅದಕ್ಕೆ ಒಂದು ಡೋಸ್ ಅಲ್ಬೆಂಡಜೋಲ್ ಸಾಲದು, ಐವರ್ಮೆಕ್ಟಿನ್ ಬೇಕು. ಹಳ್ಳಿಗಳಲ್ಲಿ ಸ್ಟೀರಾಯ್ಡ್ ಎಷ್ಟು ಸಲೀಸಾಗಿ ಸಿಗುತ್ತದೆ ಅಂತ ನಿಮಗೂ ಗೊತ್ತು.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಮೂರು, ನಾಲ್ಕು ಗಂಟೆಯೊಳಗೆ ಲ್ಯಾಬ್ ಮುಟ್ಟದ ಊರುಗಳಿಗೆ 10 ಪರ್ಸೆಂಟ್ ಫಾರ್ಮಾಲಿನ್ ಹಾಕಿದ ಮುಚ್ಚಳ ಭದ್ರ ಇರುವ ಬಾಟಲಿ ಕೊಡಿ. ಅದರಲ್ಲಿ ಮೊಟ್ಟೆ ಇದ್ದ ಹಾಗೇ ತಿಂಗಳುಗಟ್ಟಲೆ ಉಳಿಯುತ್ತದೆ. ಮಕ್ಕಳ ಕೈಗೆ ಸಿಗದಂತೆ ಚೀಟಿ ಅಂಟಿಸಿ ಕೊಡಬೇಕು, ಫಾರ್ಮಾಲಿನ್ ವಿಷ. ಕ್ಯಾಟೊ-ಕಾಟ್ಜ್‌ಗೆ ಮಾತ್ರ ಇದು ಆಗುವುದಿಲ್ಲ, ಅದಕ್ಕೆ ತಾಜಾದ್ದೇ ಬೇಕು.

ಡಬ್ಬಿ ಕೊಡುವಾಗ ಎರಡು ಮಾತು ಹೇಳುವವರೂ ಇಲ್ಲ ನಮ್ಮಲ್ಲಿ. ಕೌಂಟರಿನಲ್ಲಿ ಡಬ್ಬಿ ತಳ್ಳಿ "ನಾಳೆ ತಂದು ಕೊಡ್ರಿ" ಅಂತಾರೆ. ಎಲ್ಲಿ ಹೋಗಬೇಕು, ಹೇಗೆ ತೆಗೆಯಬೇಕು, ಎಷ್ಟು ಬೇಕು? ಮನೆಯಲ್ಲಿ ಸಂಡಾಸ್ ಇಲ್ಲದವರು, ಕತ್ತಲಲ್ಲಿ ನಾಲ್ಕು ಜನರ ಜೊತೆ ಬಯಲಿಗೆ ಹೋಗುವ ಹೆಣ್ಣುಮಗಳು, ಡಬ್ಬಿ ಹಿಡಿದು ಏನು ಮಾಡಬೇಕು? ಕೇಳಲು ನಾಚಿಕೆ. ಎಷ್ಟೋ ಜನ ಡಬ್ಬಿಯನ್ನು ದಾರಿಯಲ್ಲೇ ಬಿಸಾಕಿ ಹೋಗುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ನಾನು ಹೇಳಿಕೊಡುವುದು ಇಷ್ಟು: ಹಾಳೆ ಅಥವಾ ಎಲೆ ಹಾಸಿ ಅದರ ಮೇಲೆ ಕೂತುಕೊಳ್ಳಿ. ಮೂತ್ರ, ನೀರು, ಮಣ್ಣು ತಾಗಬಾರದು. ಮಣ್ಣಿನಲ್ಲಿ ಬೇರೆ ಹುಳಗಳು ಇರುತ್ತವೆ, ನಿಮ್ಮದಲ್ಲದ ಹುಳ ನಿಮ್ಮ ವರದಿಗೆ ಬರುತ್ತದೆ. ಕಡ್ಡಿಯಿಂದ ಹೆಬ್ಬೆರಳ ತುದಿಯಷ್ಟು ತೆಗೆದು ಡಬ್ಬಿಗೆ ಹಾಕಿ, ರಕ್ತವೋ ಲೋಳೆಯೋ ಇದ್ದರೆ ಆ ಭಾಗದಿಂದಲೇ ತೆಗೆಯಿರಿ. ಮುಚ್ಚಳ ಬಿಗಿ ಮಾಡಿ, ಕೈ ಸಾಬೂನಿನಲ್ಲಿ ತೊಳೆಯಿರಿ. ಹುಳವೇ ಬಿದ್ದರೆ ಬಿಸಾಕಬೇಡಿ, ಬಾಟಲಿಯಲ್ಲಿ ಹಾಕಿ ತನ್ನಿ, ನಾವು ನೋಡಿ ಹೇಳುತ್ತೇವೆ. ಆಶಾ ಅಕ್ಕಂದಿರಿಗೆ ಇಷ್ಟು ಹೇಳಿಕೊಟ್ಟರೆ ಅವರು ನಮಗಿಂತ ಚೆನ್ನಾಗಿ, ನಮ್ಮದೇ ಮಾತಿನಲ್ಲಿ ಮನೆಮನೆಗೆ ಹೇಳುತ್ತಾರೆ.

ಸಣ್ಣ ಮಕ್ಕಳ ತಾಯಂದಿರದು ಬೇರೆ ಕಥೆ. ರಾತ್ರಿ ಕುಂಡಿ ತುರಿಸುತ್ತದೆ, ನಿದ್ದೆ ಮಾಡಲ್ಲ, ಅಳುತ್ತದೆ ಅಂತ ಬರುತ್ತಾರೆ. ಅದು ಹೆಚ್ಚಾಗಿ ಸೂಜಿ ಹುಳ, ದಾರದಂತೆ ಬೆಳ್ಳಗಿರುತ್ತದೆ. ಹೆಣ್ಣು ಹುಳ ರಾತ್ರಿ ಹೊರಗೆ ಬಂದು ಗುದದ ಸುತ್ತ ಚರ್ಮದ ಮೇಲೆ ಮೊಟ್ಟೆ ಇಡುತ್ತದೆ, ಹಾಗಾಗಿ ಮಲದಲ್ಲಿ ಹುಡುಕಿದರೆ ಹೆಚ್ಚಿನ ಸಲ ಸಿಗುವುದಿಲ್ಲ. ಇದಕ್ಕೂ ಮಲ ಪರೀಕ್ಷೆ ಬರೆದು ಕಳಿಸುವ ವೈದ್ಯರಿದ್ದಾರೆ. ಬೇಕಾಗಿರುವುದು ಪಾರದರ್ಶಕ ಗಮ್ ಟೇಪ್ ಒಂದು ತುಂಡು. ಬೆಳಗ್ಗೆ ಮಗು ಎದ್ದ ಕೂಡಲೇ, ತೊಳೆಯುವ ಮೊದಲು ಅಲ್ಲಿಗೆ ಒತ್ತಿ ತೆಗೆದು ಸ್ಲೈಡಿಗೆ ಅಂಟಿಸಬೇಕು. ಒಂದು ಬದಿ ಚಪ್ಪಟೆ ಇರುವ ಮೊಟ್ಟೆ ಕಂಡರೆ ಮುಗಿಯಿತು. ಒಂದು ದಿನ ಕಾಣದಿದ್ದರೆ ಮತ್ತೆರಡು ಬೆಳಗ್ಗೆ ನೋಡಬೇಕು. ಸಿಕ್ಕರೆ ಮನೆಮಂದಿಗೆಲ್ಲ ಔಷಧಿ ಬೇಕಾಗುತ್ತದೆ, ಅದನ್ನು ವೈದ್ಯರು ಹೇಳುತ್ತಾರೆ. ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ಹುಳ, ಬೆಲ್ಲ ತಿಂದರೆ ಹುಳ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಬೆಲ್ಲದಿಂದ ಹುಳ ಹುಟ್ಟುವುದಿಲ್ಲ, ಹಲ್ಲು ಕಡಿದ ಮಾತ್ರಕ್ಕೆ ಹುಳ ಅಂತಲೂ ಅಲ್ಲ.

ಈಗ ನನ್ನ ಜೊತೆಯವರ ಬಗ್ಗೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ಟೆಕ್ನಿಷಿಯನ್ ಇರುತ್ತಾರೆ. ಟಿಬಿ ಕಫ, ಮಲೇರಿಯಾ ಸ್ಲೈಡು, ಗರ್ಭಿಣಿಯರ ರಕ್ತ, ಸಕ್ಕರೆ, ಮೇಲೆ ಆನ್‌ಲೈನ್ ಎಂಟ್ರಿ. ಮಲದ ಸ್ಲೈಡನ್ನು ಒಂದು ಮೂಲೆಯಿಂದ ಶುರು ಮಾಡಿ ಸಾಲು ಸಾಲಾಗಿ ಪೂರ್ತಿ ಕವರ್ ಸ್ಲಿಪ್ ನೋಡಬೇಕು, ಮೊದಲು ಕಡಿಮೆ ಪವರ್‌ನಲ್ಲಿ, ಅನುಮಾನ ಬಂದರೆ ಜಾಸ್ತಿ ಪವರ್‌ನಲ್ಲಿ. ಅದಕ್ಕೆ ಸಮಯ ಬೇಕು. ಸಮಯ ಇಲ್ಲದೆ ನಾಲ್ಕು ಕಡೆ ಕಣ್ಣಾಡಿಸಿ ಇಲ್ಲ ಅಂತ ಬರೆದರೆ ಅದನ್ನು ಕೇಳುವವರೂ ಇಲ್ಲ. ಕೆಲವು ಖಾಸಗಿ ಲ್ಯಾಬ್‌ಗಳಲ್ಲಿ ಇದರ ಉಲ್ಟಾ. ಸೊಪ್ಪಿನ ನಾರು, ಗಿಡದ ಸಣ್ಣ ಕೂದಲು ಕಂಡರೆ ಹುಳದ ಮರಿ, ಹೂವಿನ ಪರಾಗ ಕಂಡರೆ ಮೊಟ್ಟೆ ಅಂತ ಬರೆದುಬಿಡುತ್ತಾರೆ. ಇಲ್ಲದ ಹುಳಕ್ಕೆ ಔಷಧಿ ತಿಂದು, ಇರುವ ಕಾಯಿಲೆ ಹಾಗೇ ಉಳಿಯುತ್ತದೆ. ಇದು ಹುಳ ತಪ್ಪಿಹೋಗುವುದಕ್ಕಿಂತ ಚಿಕ್ಕ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಕಣ್ಣು ಪಳಗಲು ತಿಂಗಳುಗಟ್ಟಲೆ ಬೇಕಿಲ್ಲ. ಕೊಕ್ಕೆ ಹುಳದ ಮೊಟ್ಟೆ ಅಂಡಾಕಾರ, ಗಾಜಿನಂಥ ತೆಳು ಸಿಪ್ಪೆ, ಒಳಗೆ ನಾಲ್ಕರಿಂದ ಎಂಟು ಕಣಗಳ ಗುಂಪು, ಸಿಪ್ಪೆಗೂ ಗುಂಪಿಗೂ ನಡುವೆ ಖಾಲಿ ಜಾಗ. ದುಂಡು ಹುಳದ್ದು ಕಂದು ಬಣ್ಣ, ಮೇಲೆ ಗಂಟುಗಂಟಾದ ದಪ್ಪ ಸಿಪ್ಪೆ. ಚಾಟಿ ಹುಳದ್ದು ಪೀಪಾಯಿ ಆಕಾರ, ಎರಡೂ ತುದಿಗೆ ಬಿರಡೆ. ಒಂದು ಸಲ ಸರಿಯಾಗಿ ತೋರಿಸಿದರೆ ಯಾವ ಎಲ್‌ಟಿಯೂ (ಲ್ಯಾಬ್ ಟೆಕ್ನಿಷಿಯನ್) ಮರೆಯುವುದಿಲ್ಲ. ತೋರಿಸುವವರು ಬೇಕು, ಅಷ್ಟೇ. ಯಾದಗಿರಿಯಲ್ಲೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಪಕ್ಕದ ಕಲಬುರಗಿಯಲ್ಲಿ ಜಿಮ್ಸ್ ವೈದ್ಯಕೀಯ ಕಾಲೇಜಿದೆ. ಎರಡೂ ಕಡೆ ಮೈಕ್ರೋಬಯಾಲಜಿ ವಿಭಾಗ ಇದೆ. ಜಿಲ್ಲೆಯ ಎಲ್ಲ ಎಲ್‌ಟಿಗಳನ್ನು ತಂಡ ತಂಡವಾಗಿ ಎರಡು ದಿನ ಅಲ್ಲಿ ಕೂರಿಸಿ. ಟಿಬಿ ಕಫದ ಸ್ಲೈಡುಗಳನ್ನು ಮೇಲಿನ ಲ್ಯಾಬ್‌ನವರು ಮತ್ತೆ ನೋಡಿ ತಪ್ಪು ಹೇಳುವ ವ್ಯವಸ್ಥೆ ನಮ್ಮಲ್ಲಿ ಎಷ್ಟೋ ವರ್ಷದಿಂದ ಇದೆ, ಮಲದ ಪರೀಕ್ಷೆಗೂ ಅಂಥದ್ದೇ ಒಂದು ಬೇಕು. ಫಾರ್ಮಾಲಿನ್‌ನಲ್ಲಿಟ್ಟ ಸ್ಯಾಂಪಲ್ಲುಗಳಲ್ಲಿ ಕೆಲವನ್ನು ಪ್ರತಿ ತಿಂಗಳು ಕಾಲೇಜಿಗೆ ಕಳಿಸಿದರೆ ಸಾಕು.

ಇನ್ನೊಂದು ವಿಷಯ, ಮಾತ್ರೆ ಆದ ಮೇಲಿನದು. ಒಂದು ಡೋಸ್ ಅಲ್ಬೆಂಡಜೋಲ್ ಎಲ್ಲ ಹುಳಕ್ಕೂ ಒಂದೇ ಥರ ಕೆಲಸ ಮಾಡುವುದಿಲ್ಲ. 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ದುಂಡು ಹುಳ ಇದ್ದ ನೂರರಲ್ಲಿ 88 ಜನಕ್ಕೆ ಪೂರ್ತಿ ಹೋಗಿತ್ತು, ಕೊಕ್ಕೆ ಹುಳ 72 ಜನಕ್ಕೆ, ಚಾಟಿ ಹುಳ ಬರೀ 28 ಜನಕ್ಕೆ. ಅಂದರೆ ಮಾತ್ರೆ ನುಂಗಿದ್ದಾರೆ ಅನ್ನುವುದು ಹುಳ ಹೋಗಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಎಚ್‌ಬಿ ತೀರಾ ಕಡಿಮೆ ಇದ್ದು ಹುಳ ಸಿಕ್ಕವರಿಗೆ ಔಷಧಿ ಕೊಟ್ಟ ಎರಡು, ಮೂರು ವಾರಕ್ಕೆ ಮತ್ತೆ ಪರೀಕ್ಷೆ ಆಗಬೇಕು. ಈಗ ಯಾರೂ ಕರೆಯುವುದಿಲ್ಲ, ಯಾರೂ ಬರುವುದಿಲ್ಲ.

ಜಿಲ್ಲೆಯ ಲೆಕ್ಕವೂ ಹೀಗೇ. ಮಕ್ಕಳಲ್ಲಿ ನೂರಕ್ಕೆ 20 ಅಥವಾ ಅದಕ್ಕಿಂತ ಜಾಸ್ತಿ ಜನಕ್ಕೆ ಹುಳ ಇದ್ದರೆ ವರ್ಷಕ್ಕೊಮ್ಮೆ ಮಾತ್ರೆ, 50 ದಾಟಿದರೆ ಎರಡು ಸಲ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಅಂಕಿ ಬರುವುದು ಮಲ ಪರೀಕ್ಷೆಯಿಂದಲೇ ಹೊರತು ಎಷ್ಟು ಮಾತ್ರೆ ಖರ್ಚಾಯಿತು ಅನ್ನುವ ಲೆಕ್ಕದಿಂದಲ್ಲ. ಗುರುಮಠಕಲ್ ಕಡೆಯ ಒಣ ಬೇಸಾಯದ ಹಳ್ಳಿಗೂ ಹುಣಸಗಿ ಕಡೆಯ ಕಾಲುವೆ ಹಳ್ಳಿಗೂ ಮಣ್ಣು, ನೀರು, ಕೆಲಸ ಎಲ್ಲ ಬೇರೆ. ಎರಡಕ್ಕೂ ಒಂದೇ ಅಳತೆ ಹಿಡಿಯಬಾರದು. ಎರಡೂ ಕಡೆ ಐದೈದು ಶಾಲೆ, ಶಾಲೆಗೆ 50 ಮಕ್ಕಳು, ಜೊತೆಗೆ ಅದೇ ಊರಿನ ಕೂಲಿಗೆ ಹೋಗುವ ಹೆಂಗಸರು ಒಂದಷ್ಟು ಜನ. ಕ್ಯಾಟೊ-ಕಾಟ್ಜ್‌ನಲ್ಲಿ ನೋಡಿ, ಎಣಿಸಿ, ಬಂದ ಫಲಿತಾಂಶವನ್ನು ಊರಿನ ಗ್ರಾಮಸಭೆಗೇ ಹೇಳಿ. ಯಾವ ಊರಲ್ಲಿ ಸಂಡಾಸ್ ಕಟ್ಟಿಯೂ ಬಳಸುತ್ತಿಲ್ಲ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ದುಡ್ಡಿನ ಮಾತು ಬರುತ್ತದೆ ಅಂತ ಗೊತ್ತು. ಆದರೆ ಇಲ್ಲಿ ಕೇಳುತ್ತಿರುವುದು ಎಂಆರ್‌ಐ ಮಷಿನ್ ಅಲ್ಲ. ಮಾಮೂಲಿ ಮಲ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಲೇಬೇಕಾದ್ದು. ಉಪ್ಪು, ಬಾಟಲಿ, ಸ್ಲೈಡು, ಕವರ್ ಸ್ಲಿಪ್, ಫಾರ್ಮಾಲಿನ್, ಲೆನ್ಸಿಗೆ ಬೂಷ್ಟು ಹಿಡಿಯದ ಒಂದು ಮೈಕ್ರೋಸ್ಕೋಪ್. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 ಜೆ ವಿಧಿ ಬಂದು ಇಷ್ಟು ವರ್ಷ ಆಯಿತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಕಟ್ಟಡಗಳು ಎದ್ದಿವೆ, ಒಳ್ಳೆಯದೇ. ಅದರಲ್ಲಿ ಒಂದು ಸಣ್ಣ ಪಾಲು ಈ ಲ್ಯಾಬ್‌ಗಳ ಮೈಕ್ರೋಸ್ಕೋಪ್ ರಿಪೇರಿಗೆ, ಹೊಸದಕ್ಕೆ ಇಡಿ ಅಂತ ಜಿಲ್ಲಾ ಪಂಚಾಯಿತಿಯಿಂದ ಬರೆಯಿರಿ.

ಮತ್ತೆ ಒಂದು ಕೆಲಸಕ್ಕೆ ದುಡ್ಡೇ ಬೇಡ, ಒಂದು ಸುತ್ತೋಲೆ ಸಾಕು. ಮಲ ಪರೀಕ್ಷೆಯ ವರದಿಯಲ್ಲಿ ಸ್ಯಾಂಪಲ್ ಎಷ್ಟನೆಯದು, ತೆಗೆದ ಹೊತ್ತು, ನೋಡಿದ ಹೊತ್ತು, ಯಾವ ವಿಧಾನ ಅಂತ ನಾಲ್ಕು ಖಾನೆ ಹಾಕಿಸಿ. "ಒಂದೇ ಸ್ಯಾಂಪಲ್, ಮಾಮೂಲಿ ಸ್ಲೈಡು, ಐದು ಗಂಟೆ ತಡ" ಅಂತ ಬರೆದಿದ್ದರೆ ಮುಂದಿನ ವೈದ್ಯರು ಆ ಕಾಗದವನ್ನು ಎಷ್ಟು ನಂಬಬೇಕೋ ಅಷ್ಟೇ ನಂಬುತ್ತಾರೆ. ಆ ಹೆಣ್ಣುಮಗಳ ವರದಿಯಲ್ಲಿ ಈ ನಾಲ್ಕು ಖಾನೆ ಇದ್ದಿದ್ದರೆ ಅವರಿಗೆ ಅಷ್ಟು ಕಾಲ ತೇಕುತ್ತಾ ಕೂಲಿಗೆ ಹೋಗುವುದು ತಪ್ಪುತ್ತಿತ್ತು. ಅದೇ ಸುತ್ತೋಲೆಯಲ್ಲಿ ಇನ್ನೊಂದು ಸಾಲು ಸೇರಿಸಿ: ಕಬ್ಬಿಣದ ಗುಳಿಗೆ ಸರಿಯಾಗಿ ತೆಗೆದುಕೊಂಡೂ ಒಂದು ತಿಂಗಳಲ್ಲಿ ಎಚ್‌ಬಿ ಏರದವರಿಗೆ, ಗಂಡಸಿರಲಿ ಹೆಂಗಸಿರಲಿ, ಮೂರು ಸ್ಯಾಂಪಲ್ ಮಲ ಪರೀಕ್ಷೆ ಆಗಬೇಕು, ಒಟ್ಟುಗೂಡಿಸುವ ವಿಧಾನದಲ್ಲೇ ಆಗಬೇಕು.

ತರಬೇತಿ ಇಟ್ಟರೆ ಉಪ್ಪುನೀರಿನ ವಿಧಾನ ತೋರಿಸಲು ನಾನು ಬರುತ್ತೇನೆ. ಭತ್ಯೆ ಬೇಡ, ಭಾನುವಾರ ಇಟ್ಟರೆ ಅನುಕೂಲ. ನಾನು ಗುರುತಿಸಿದ ಮೊಟ್ಟೆಗಳ ಕೆಲವು ಬಾಟಲಿ ಫಾರ್ಮಾಲಿನ್‌ನಲ್ಲಿ ಇಟ್ಟಿದ್ದೇನೆ, ಹೆಸರಿಲ್ಲದೆ, ನಂಬರ್ ಮಾತ್ರ ಹಾಕಿ. ಅವನ್ನೂ ತರುತ್ತೇನೆ. ನಿಮ್ಮ ಉತ್ತರ ಈ ಪತ್ರದ ಹಾಗೇ ಎಲ್ಲರೂ ಓದುವಂತೆ ಬರಲಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಶಹಾಪುರ ತಾಲ್ಲೂಕಿನ ಒಬ್ಬ ಲ್ಯಾಬ್ ಟೆಕ್ನಿಷಿಯನ್